ಬಾಗಿಲು ಹಾಕಿತ್ತು

ಮುರಳೀಧರರ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಸೋದರಳಿಯ ಶ್ರೀಕಾಂತ್ ದಾರ ಕಟ್ಟುತ್ತಿದ್ದಾಗ, ಕಪಾಟಿನ ಮೇಲಿದ್ದ ಅವರ ಫೋನು ಸದ್ದು ಮಾಡಿತು. ಮೊಮ್ಮಗಳು ನೇಹಾ ಎತ್ತಿ ನೋಡಿ, ಎಂದಿನಂತೆ ತಮಿಳು ಬೆರೆಸಿ ಹೇಳಿದಳು.

“ಅಜ್ಜಿ, ತಾತಾವೋಡ ಶೂ ಪಾರ್ಸೆಲ್. ಡೋರ್ ಲಾಕ್ಡ್‌ನು ಪೋಟ್ಟಿರುಕ್ಕಾಂಗ. ಥರ್ಡ್ ಟೈಮ್. ರಿಟರ್ನ್ ಆಗತ್ತಂತೆ.”

“ಬಾಗಿಲು ಹಾಕಿತ್ತಂತಾ?” ವಿನೋದಾ ಗಂಡನ ತಲೆಯ ಬಳಿಯಿಂದ ಎದ್ದರು. ಬಾಗಿಲು ಬೆಳಗಿನಿಂದ ತೆರೆದೇ ಇತ್ತು. ಬಂದವರ ಚಪ್ಪಲಿಗಳು ಪುರಸೈವಾಕ್ಕಂನ ಆ ಗಲ್ಲಿಯವರೆಗೂ ಹರಡಿದ್ದವು. “ಫೋನ್ ಹಾಕೇ ಅವರಿಗೆ.”

“ಅತ್ತೆ, ವ್ಯಾನ್ ಬಂದಿದೆ. ಹೋದವರಿಗೆ ಇನ್ನೆಲ್ಲಿ ಶೂ?” ಎಂದ ಶ್ರೀಕಾಂತ್.

“ಶೂ ಯಾರಿಗೆ ಬೇಕೋ? ಸುಳ್ಳು ಬರೆದಿದಾರೆ. ಅದನ್ನ ಹೊಡೆದುಹಾಕ್ಲಿ, ಆಮೇಲೆ ಎತ್ತು.”

*

ಮುರಳೀಧರ ಮೂವತ್ತೆಂಟು ವರ್ಷ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಸಕ್ಕರೆ ಕಾಯಿಲೆಗೆ ಎಡಗಾಲಿನ ಎರಡು ಬೆರಳು ಹೋದ ಮೇಲೆ, ಅಳತೆ ಕೊಟ್ಟು ಶೂ ಮಾಡಿಸಿದ್ದರು. ಅದು ಬರುವವರೆಗೆ ನಡೆಯುವಂತಿರಲಿಲ್ಲ.

ಮೊದಲ ಸಲ ‘ಬಾಗಿಲು ಹಾಕಿತ್ತು’ ಎಂಬ ಮೆಸೇಜು ಬಂದಾಗ ಅವರು ಹಾಸಿಗೆಯಲ್ಲಿದ್ದರು. ಮರುದಿನವೇ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡರು. ಊಟ ಅಲ್ಲೇ, ಗಡ್ಡ ಕೆರೆದುಕೊಳ್ಳುವುದೂ ಅಲ್ಲೇ. ಎರಡನೆಯ ಸಲ ಅದೇ ಮೆಸೇಜು ಬಂದಾಗ ಅವರ ಮಂಡಿ ಬಾಗಿಲಿನ ಹೊರಗಿತ್ತು.

“ನಾನೂ ರಿಮಾರ್ಕ್ ಬರೆದೋನೇ ಕಣೇ. ಒಡೆದಿದ್ರೆ ಒಡೆದಿದೆ, ಕಳೆದಿದ್ರೆ ಕಳೆದಿದೆ. ಹೋಗದೇನೇ ಹೋಗಿದ್ದೆ ಅಂತ ಯಾವತ್ತೂ ಬರೀಲಿಲ್ಲ. ಶೂ ಬರ್ಲಿ, ಅದನ್ನೇ ಹಾಕ್ಕೊಂಡು ಅಂಬತ್ತೂರಲ್ಲಿರೋ ಆ ಕೊರಿಯರ್ ಗೋಡೌನಿಗೆ ಹೋಗಿ ಉಗೀತೀನಿ.”

ಹೊಸ್ತಿಲಲ್ಲಿ ಕೂತ ನಲವತ್ತೊಂದನೆಯ ದಿನ, ನಿನ್ನೆ ಮಧ್ಯಾಹ್ನ, ಕುರ್ಚಿಯಲ್ಲೇ ಹೋದರು.

*

“ಕಸ್ಟಮರ್ ಮನೆಯಲ್ಲಿದಾರಾ, ಮೇಡಂ?” ಕೊರಿಯರ್ ಕಂಪನಿಯ ಹುಡುಗಿ ತಮಿಳಿನಲ್ಲಿ ಕೇಳಿದಳು.

“ಇದಾರೆ,” ವಿನೋದಾ ತಮಿಳಿನಲ್ಲೇ ಹೇಳಿದರು. “ಇನ್ನು ಹತ್ತು ನಿಮಿಷ ಇರ್ತಾರೆ.”

“ಅವರ ಹತ್ರ ಮಾತಾಡಬಹುದಾ?”

“ಮಾತಾಡು.” ಸ್ಪೀಕರ್ ಹಾಕಿ ಫೋನನ್ನು ಗಂಡನ ಎದೆಯ ಮೇಲಿಟ್ಟರು.

“ಹಲೋ ಸರ್? ಸರ್, ಕೇಳಿಸ್ತಿದೆಯಾ?”

ಪುರೋಹಿತರು ಮಂತ್ರ ನಿಲ್ಲಿಸಿದರು.

“ಸತ್ತಿದಾರಮ್ಮ,” ಎಂದರು ವಿನೋದಾ. “ಸುತ್ತ ಮೂವತ್ತು ಜನ ಇದೀವಿ. ಬಾಗಿಲು ತೆರೆದಿದೆ. ಬರ್ಕೋ.”

ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು.

“ರಿಮಾರ್ಕ್ ತೆಗೆದಿದೀನಿ, ಅಮ್ಮ. ನಾಳೆ ಮತ್ತೆ ಕಳಿಸ್ತಾರೆ.”

ವಿನೋದಾ ಫೋನು ತೆಗೆದುಕೊಂಡರು. “ಈಗ ಎತ್ತೋ,” ಎಂದರು ಶ್ರೀಕಾಂತನಿಗೆ.

ವ್ಯಾನು ಹೋದ ಮೇಲೆ ಹೆಂಗಸರು ಮನೆ ತೊಳೆದರು. ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಳ್ಳತೊಡಗಿತು. ವಿನೋದಾ ಮುರಳೀಧರರ ಹಿಮ್ಮಡಿ ಸವೆದ ಎಡ ಚಪ್ಪಲಿಯನ್ನು ತಂದು ಬಾಗಿಲಡಿಗೆ ತುರುಕಿ, ಕಾಲಿನಿಂದ ಒದ್ದು ಬಿಗಿ ಮಾಡಿದರು.