ಕಸ್ತೂರೆವ್ವ ಕೂತ ಕುರ್ಚಿ

ನಾನು ಒಂದು ಕುರ್ಚಿ. ತೇಗದ್ದಲ್ಲ, ಬೀಟೆಯದ್ದೂ ಅಲ್ಲ, ಜಾಲಿಯದ್ದು. ಗದಗಿನ ಮೌನೇಶಪ್ಪ ಬಡಿಗೇರ ಬಂಡಿಗೆಂದು ತಂದ ದಿಮ್ಮಿಯಲ್ಲಿ ಉಳಿದ ತುಂಡುಗಳಿಂದ ನನ್ನನ್ನು ಮಾಡಿದ. ಮೊಳೆ ಹೊಡೆದರೆ ಮೊಳೆಯೇ ಬಾಗುತ್ತಿತ್ತು. "ಎಂಥಾ ಹಟಮಾರಿ ಕಟಗೀನೋ ಮಾರಾಯಾ!" ಎಂದು ಬೈಯುತ್ತಲೇ ತೂತು ಕೊರೆದು, ಬೆಣೆ ಬಡಿದು ನಿಲ್ಲಿಸಿದ. ಆ ಬೈಗುಳವನ್ನು ನಾನು ಆಶೀರ್ವಾದವೆಂದೇ ತೆಗೆದುಕೊಂಡೆ.

ಮೊದಲು ನಾನು ಸೇರಿದ್ದು ಪಾಟೀಲ ವಕೀಲರ ಆಫೀಸಿಗೆ. ಸಂಸಾರದ ವ್ಯಾಜ್ಯ ಎಷ್ಟು ಬಂದವೋ! ಬಂದದ್ದೆಲ್ಲ ಹೆಣ್ಣುಮಕ್ಕಳ ಕಷ್ಟ, ನನ್ನ ಮೇಲೆ ಕೂತದ್ದೆಲ್ಲ ಗಂಡಸರು. ಅಪ್ಪ ಕೂತ, ಅಣ್ಣ ಕೂತ, ಮಾವ ಕೂತ, ಓಣಿಯ ಹಿರಿಯನೂ ಕೂತ. ಹೊಡೆತ ತಿಂದವಳು ಮಾತ್ರ ಬಾಗಿಲ ಹತ್ತಿರ ಸೆರಗು ಹಿಡಿದು ನಿಂತಿರುತ್ತಿದ್ದಳು. ಕಡೆಗೆ ವಕೀಲರು, "ಗಂಡ ಹೆಂಡರ ಜಗಳ ಉಂಡು ಮಲಗೂ ತನಕ, ಹೋಗವಾ" ಎನ್ನುತ್ತಿದ್ದರು. ಮನೆಯಲ್ಲಿ ಉಣ್ಣಲಿಕ್ಕೇ ಕೊಡದಿದ್ದರೆ ಅವಳು ಎಲ್ಲಿಯ ತನಕ ಜಗಳ ಆಡಬೇಕು? ನನಗೆ ಬಾಯಿ ಇರಲಿಲ್ಲ. ಇದ್ದಿದ್ದರೆ ಅಂದೇ ಕೇಳಿಬಿಡುತ್ತಿದ್ದೆ.

ವಕೀಲರು ಕರಿಕೋಟು ಕಳಚಿಟ್ಟ ಮೇಲೆ ನನ್ನನ್ನು ಕಾನೂನು ಕಾಲೇಜಿಗೆ ದಾನ ಕೊಟ್ಟರು. ಅಲ್ಲಿ ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆಯಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಕೇಂದ್ರವಿತ್ತು. ಕೊನೆಯ ವರ್ಷದ ಹುಡುಗರು ಅಲ್ಲಿ ಬಂದವರ ಮಾತು ಕೇಳಿ ಅರ್ಜಿ ಬರೆಯಬೇಕು. ಅದನ್ನು ಜುಬೇದಾ ನದಾಫ್ ಮೇಡಂ ತಿದ್ದಬೇಕು, ಆಮೇಲೆ ಒಬ್ಬ ವಕೀಲರು ಕೋರ್ಟಿಗೆ ಹಾಕಬೇಕು. ಮೇಡಂ ಟೇಬಲ್ಲಿನ ಎದುರು ಒಂದೇ ಕುರ್ಚಿ ಇಡಿಸಿದ್ದರು, ನನ್ನನ್ನು. ಜೊತೆಗೆ ಬಂದವರಿಗೆಲ್ಲ ಹೊರಗೆ ವರಾಂಡದ ಬೆಂಚು. ಕಾಲೇಜಿಗೆ ಕುರ್ಚಿಯ ಬಡತನ ಬಂದಿದೆ ಎಂದು ಹುಡುಗರು ನಗುತ್ತಿದ್ದರು. ಮೇಡಂ ಕಾರಣ ಹೇಳುತ್ತಿರಲಿಲ್ಲ. ತಪ್ಪು ಮಾಡಿಯೇ ಕಲಿಯಲಿ ಎಂಬುದು ಅವರ ಪಾಠದ ಕ್ರಮ.

ಮೊದಲು ತಪ್ಪು ಮಾಡಿದವಳು ವಿದ್ಯಾಶ್ರೀ ಹೂಗಾರ. ರೋಣದ ಕಡೆಯ ಹುಡುಗಿ. ವಿವಾಹ ಕಾಯ್ದೆಯ ಯಾವ ಕಲಂ ಕೇಳಿದರೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಹಿರಿಯರು ಬಂದರೆ ಎದ್ದು, ಕುರ್ಚಿ ಸರಿಸಿ, ನೀರು ಕೊಡಬೇಕೆಂಬ ಮನೆಯ ಪಾಠ ಅದಕ್ಕಿಂತ ಮುಂಚೆಯೇ ಮೈಗೆ ಹತ್ತಿತ್ತು. ಒಂದು ದಿನ ಕಸ್ತೂರೆವ್ವ ಎಂಬಾಕೆ ಬಂದಳು. ಗಂಡ ಮನೆಯಿಂದ ಹೊರಗೆ ಹಾಕಿದ ಮೇಲೆ ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ತವರಲ್ಲಿದ್ದಳು. ಮುಂದೆ ಅವಳ ಅಣ್ಣ ಫಕೀರಪ್ಪ. ವಿದ್ಯಾಶ್ರೀ ತಟ್ಟನೆ ಎದ್ದು, "ಬರ್ರಿ ಕಾಕಾರ, ಕೂಡ್ರಿ" ಎಂದು ನನ್ನನ್ನು ಅವನತ್ತ ಸರಿಸಿದಳು. ಕೂತ! ಮತ್ತೆ ಅದೇ ಭಾರ ನನ್ನ ಮೇಲೆ. ಅಣ್ಣನ ಎದುರು ಕುರ್ಚಿಯಲ್ಲಿ ಕೂರುವ ರೂಢಿ ಕಸ್ತೂರೆವ್ವನಿಗಿರಲಿಲ್ಲ. ಬಾಗಿಲ ಹತ್ತಿರ ನಿಂತಳು.

ಮಾತೆಲ್ಲ ಫಕೀರಪ್ಪನದೇ. "ಇಬ್ಬರೂ ಒಪ್ಪಿ ಸೋಡಚೀಟಿ ಮಾಡ್ಕೊಂಡು ಬ್ಯಾರೆ ಆಗ್ತಾರ್ರಿ. ಕೂಸು ಅಪ್ಪನ ಕಡೆ ಇರತೈತಿ. ನಮ್ಮ ತಂಗಿಗೆ ಬ್ಯಾರೆ ಗಂಡು ನೋಡೇನಿ, ಅವರು ಕೂಸು ಬ್ಯಾಡ ಅಂತಾರ." ವಿದ್ಯಾಶ್ರೀ ಬಾಗಿಲ ಕಡೆ ತಿರುಗಿ, "ಹೌದೇನ್ರಿ ಅಕ್ಕಾರ?" ಎಂದಳು. ಕಸ್ತೂರೆವ್ವ ಅಣ್ಣನ ಮುಖ ನೋಡಿ ತಲೆ ಆಡಿಸಿದಳು. ಹುಡುಗಿ ಅಂದವಾದ ಅಕ್ಷರದಲ್ಲಿ ಬರೆದೇ ಬರೆದಳು: ತಾಯಿಯು ಸ್ವಇಚ್ಛೆಯಿಂದ ಮಗುವನ್ನು ತಂದೆಗೆ ಒಪ್ಪಿಸಿರುತ್ತಾಳೆ. ಆ ಅರ್ಜಿಯನ್ನು ಕೋರ್ಟು ಒಪ್ಪಿದ ದಿನವೇ ಮಗು ತಾಯಿಯ ಕೈಬಿಟ್ಟು ಹೋಗುವುದಿತ್ತು.

ಮೇಡಂ ಓದಿ ಕನ್ನಡಕ ತೆಗೆದರು. "ಸ್ವಇಚ್ಛಾ ಅಂತ ಬರದೀಯಲ್ಲ, ಯಾರ ಇಚ್ಛಾ ಇದು?"

"ಅವರ ಅಣ್ಣಾರು ಹೇಳಿದ್ರಿ ಮೇಡಂ."

"ಸೋಡಚೀಟಿ ಅಣ್ಣಗ ಬೇಕಾಗೇತೇನು? ಕುರ್ಚಿ ಯಾರಿಗೆ ಕೊಟ್ಟಿ?"

ಹುಡುಗಿಯ ಮುಖ ಕಪ್ಪಿಟ್ಟಿತು. ನನಗೋ, ಒಳಗೊಳಗೇ ಖುಷಿ. ಇಷ್ಟು ವರ್ಷಕ್ಕೆ ನನ್ನ ಪರವಾಗಿ ಒಬ್ಬರಾದರೂ ಕೇಳಿದರಲ್ಲ!

ಅರ್ಜಿ ಅಲ್ಲೇ ನಿಂತಿತು. ಅಣ್ಣ-ತಂಗಿ ಇಬ್ಬರನ್ನೂ ಇನ್ನೊಮ್ಮೆ ಕರೆಸುವುದೆಂದಾಯಿತು. ಅಲ್ಲಿಯ ತನಕ ಕೇಂದ್ರದ ಕೋಣೆಯಲ್ಲೇ ದಿನವೂ ತಾಲೀಮಿನ ಆಟ. ಸಹಪಾಠಿ ಇರ್ಫಾನ್ ಮೀಸೆ ತಿರುವುತ್ತ ಫಕೀರಪ್ಪನಾಗಿ ಬರುವುದು, ವಿದ್ಯಾಶ್ರೀ ಅವನನ್ನು ಹೊರಗೆ ಕೂರಿಸುವುದು. "ನೀವು... ಹೊರಗ..." ಎನ್ನುವಷ್ಟರಲ್ಲಿ ಅವಳ ಕೈ ತಾನಾಗಿಯೇ ನನ್ನನ್ನು ಅವನತ್ತ ಸರಿಸಿಬಿಡುತ್ತಿತ್ತು. ಇರ್ಫಾನ್ ಗೆದ್ದು ನನ್ನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ಕಾಯ್ದೆ ಬಾಯಿಪಾಠ ಮಾಡಬಹುದು, ಹಿರಿಯನೊಬ್ಬನಿಗೆ ಹೊರಗೆ ಹೋಗಿ ಎನ್ನುವುದನ್ನು ಹೇಗೆ ಬಾಯಿಪಾಠ ಮಾಡುವುದು? ಪಾಪ, ಎಲ್ಲರೂ ಹೋದ ಮೇಲೆ ಖಾಲಿ ಕುರ್ಚಿಯಾದ ನನ್ನನ್ನೇ ಎದುರಿಟ್ಟುಕೊಂಡು ಗದರಿಸಿದಳು. ಗದರಿಸಲಿ, ನಾನೇನು ಬೇಜಾರು ಮಾಡಿಕೊಳ್ಳಲಿಲ್ಲ.

ತಂಗಿಯನ್ನು ಕರೆದುಕೊಂಡು ಫಕೀರಪ್ಪ ಬಂದ. ನೇರ ನನ್ನ ಕಡೆಗೇ ಬಂದ. ವಿದ್ಯಾಶ್ರೀ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಈ ಸಲ ನನ್ನನ್ನು ಅವನತ್ತ ಸರಿಸಲಿಲ್ಲ, ಬಿಗಿಯಾಗಿ ಹಿಡಿದಳು.

"ಕಾಕಾರ, ಇದು ಅಕ್ಕಾರ ಕುರ್ಚಿ. ನೀವು ಹೊರಗ ಬೆಂಚಿನ ಮ್ಯಾಲ ಕೂಡ್ರಿ."

"ಇರಲಿ ಬಿಡವಾ, ನಿಂತೇ ಹೇಳ್ತೇನಿ."

"ನಿಂತೂ ಬ್ಯಾಡ್ರಿ. ನಿಮ್ಮ ಮುಂದ ಅಕ್ಕಾರು ಬಾಯಿ ತಗ್ಯಾಂಗಿಲ್ಲ."

"ಅಕಿಗೆ ಅನ್ನ ಹಾಕಾಂವ ನಾನು!" ಎಂದು ಗುಡುಗಿದ.

"ಹೌದ್ರಿ, ಅನ್ನ ನಿಮ್ದು. ಕೇಸು ಅಕ್ಕಾರದು."

ಮೇಡಂ ತಮ್ಮ ಮೂಲೆಯಲ್ಲಿ ತಲೆ ಎತ್ತಲೇ ಇಲ್ಲ. ಫಕೀರಪ್ಪ ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಟವೆಲು ಕೊಡವಿ ಹೊರಗೆ ನಡೆದ. ಬಾಗಿಲು ಮುಚ್ಚಿತು.

ಕಸ್ತೂರೆವ್ವ ನನ್ನ ತುದಿಯಲ್ಲಿ ಕೂತಳು, ಯಾವಾಗ ಎಬ್ಬಿಸುತ್ತಾರೋ ಎಂಬಂತೆ. "ಸಹಿ ಎಲ್ಲಿ ಮಾಡ್ಲಿ?" ಎಂದಳು.

"ಸಹಿ ಬ್ಯಾಡ್ರಿ ಅಕ್ಕಾರ. ನಿಮಗೇನು ಬೇಕು?"

ಕಸ್ತೂರೆವ್ವ ಮುಚ್ಚಿದ ಬಾಗಿಲ ಕಡೆ ನೋಡಿದಳು. ವಿದ್ಯಾಶ್ರೀ ಪೆನ್ನು ಕೆಳಗಿಟ್ಟು ಕಾದಳು. ಆ ಕಾಯುವುದನ್ನೂ ಅವಳು ಕಲಿತದ್ದೇ. ಆಮೇಲೆ ಬಂತು ನೋಡಿ, ಕಟ್ಟೆ ಒಡೆದ ಹಾಗೆ. "ನನ್ನ ಕೂಸು ನನಗ ಬೇಕವಾ! ಬ್ಯಾರೆ ಗಂಡು ನನಗ ಬ್ಯಾಡ. ಯಾರೂ ಕೇಳಲೇ ಇಲ್ಲಲ್ಲವಾ ನನ್ನ!" ಅಳುತ್ತಳುತ್ತ ಅವಳು ಹಿಂದಕ್ಕೆ ಒರಗಿದಳು. ಅವಳ ಪೂರ್ತಿ ಭಾರ ನನ್ನ ಮೇಲೆ ಬಿತ್ತು. ಅಷ್ಟು ಹಗುರವಾದ ಭಾರವನ್ನು ನಾನು ಎಂದೂ ಹೊತ್ತಿರಲಿಲ್ಲ. ನನಗೆ ಕಣ್ಣಿದ್ದಿದ್ದರೆ ನಾನೂ ಅಳುತ್ತಿದ್ದೆ.

ವಿದ್ಯಾಶ್ರೀ ಸುಳ್ಳು ಭರವಸೆ ಕೊಡಲಿಲ್ಲ. ತಡವಾಗುತ್ತದೆ, ಅಣ್ಣ ಮುನಿಯಬಹುದು, ಇರಲು ಜಾಗ ನೋಡಿಕೊಳ್ಳಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೆಟಗೇರಿಯಲ್ಲಿ ಮಗ್ಗ ನೇಯುವ ಚಿಕ್ಕಮ್ಮನಿದ್ದಾಳೆ ಎಂದಳು ಕಸ್ತೂರೆವ್ವ. ಹಳೆಯ ಅರ್ಜಿ ಹರಿದುಹೋಯಿತು. ಮಗು ತಾಯಿಯ ಹತ್ತಿರವೇ ಇರಬೇಕು, ಅಪ್ಪ ಜೀವನಾಂಶ ಕೊಡಬೇಕು ಎಂದು ಹೊಸದನ್ನು ಬರೆದರು. ವಿದ್ಯಾಶ್ರೀ ಒಂದೊಂದು ಸಾಲನ್ನೂ ಓದಿ ಹೇಳಿದಳು. ಎರಡು ಕಡೆ ಕಸ್ತೂರೆವ್ವ, "ನಾ ಹಂಗಂದಿಲ್ಲ" ಎಂದು ತಿದ್ದಿಸಿದಳು ಕೂಡ!

ಈಗ ನನಗೆ ವಯಸ್ಸಾಗಿದೆ. ಹಿಂದಿನ ಕಾಲೊಂದು ಸಡಿಲಾಗಿ ವರಾಂಡದ ಮೂಲೆ ಸೇರಿದ್ದೇನೆ. ಒಳಗೆ ಪ್ಲಾಸ್ಟಿಕ್ ಕುರ್ಚಿ ಬಂದಿದೆ. ಅದೂ ಒಂದೇ ಇದೆ, ಅಷ್ಟು ಸಾಕು. ಗುಜರಿಯವನು ಬಂದರೆ ಬರಲಿ. ಜಾಲಿಯ ಕಟ್ಟಿಗೆ ಉರಿದರೂ ಜೋರಾಗಿಯೇ ಉರಿಯುತ್ತದೆ.

ಮೊನ್ನೆ ಕೇಂದ್ರಕ್ಕೆ ಮೂವರು ಬಂದರು. ಮುಂದೆ ಕಸ್ತೂರೆವ್ವ, ಅವಳ ಬೆರಳು ಹಿಡಿದು ಪಾಟಿಚೀಲದ ಮಗಳು, ಹಿಂದೆ ಕೂದಲು ನರೆತ ಫಕೀರಪ್ಪ. ಮುನಿಸು ತೀರಿತ್ತೆಂದು ಕಾಣುತ್ತದೆ. ಒಳಗಿನಿಂದ ಹೊಸ ಹುಡುಗನೊಬ್ಬ ಬಂದು, "ಏನಾಗಬೇಕ್ರಿ?" ಎಂದು ಫಕೀರಪ್ಪನನ್ನು ಕೇಳಿದ. ಫಕೀರಪ್ಪ ಬಾಯಿ ತೆರೆದ. ತಂಗಿಯ ಮುಖ ನೋಡಿದ.

"ನನಗೇನು ಗೊತ್ತೋ ತಮ್ಮಾ," ಎಂದ. "ಅಕಿನ್ನ ಕೇಳು."