ಬೂದಿ ಹೇಂಟೆಯ ಹನ್ನೊಂದು ಮರಿ

ನಮ್ಮ ಹಿತ್ತಲಿನ ಹುಂಜಕ್ಕೆ ಈಗ ಏಳನೆಯ ವರ್ಷ ನಡೆದಿದೆ. ಹುಂಜ ಅಷ್ಟು ದಿನ ಬದುಕುತ್ತದೆಯೇ ಎಂದು ಯಾರಾದರೂ ಕೇಳಿದರೆ, ಬಿಟ್ಟರೆ ಬದುಕುತ್ತದೆ ಎನ್ನುತ್ತೇನೆ. ಅದರ ಎಡಗಣ್ಣಿಗೆ ಪೊರೆ ಬಂದಿದೆ. ಕಾಲಿನ ಮುಳ್ಳುಗಳು ಬೆಳೆದು ಬಾಗಿ, ನಡೆಯುವಾಗ ಒಂದಕ್ಕೊಂದು ತಾಗುತ್ತವೆ. ಬಲಗಾಲಿಗೆ ಹಳೆಯ ಸೀರೆಯ ಅಂಚಿನದೊಂದು ಚೂರು ಕಟ್ಟಿದೆ. ಅಂಕಲಿಯ ನಮ್ಮ ಓಣಿಗೆ ಹೊಸದಾಗಿ ಬಂದವರು ಆ ಚೂರು ನೋಡಿ, ಮಲಂಗಸಾಬ, ಅಂದರೆ ನಾನು, ಯಾವುದೋ ದರ್ಗಾಕ್ಕೆ ಹರಕೆ ಹೊತ್ತು ಬಿಟ್ಟ ಹುಂಜ ಇರಬೇಕು ಎಂದುಕೊಳ್ಳುತ್ತಾರೆ. ಹರಕೆಯ ಹುಂಜ ಅಲ್ಲ ಅದು. ನಾನು ಒಬ್ಬರಿಗೆ ಕೊಟ್ಟ ಮಾತಿನ ಹುಂಜ.

ನನ್ನ ಹೆಂಡತಿ ಮೈಮುನಾ ಹಾರೂಗೇರಿಯ ತವರಿನಿಂದ ಮದುವೆಯಾಗಿ ಬರುವಾಗ ಬುಟ್ಟಿಯಲ್ಲಿ ಒಂದು ಹೇಂಟೆ ತಂದಿದ್ದಳು. ಮೈಯೆಲ್ಲ ಬೂದಿ ಬಣ್ಣ, ಕೊರಳು ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಹಾಗೆ. ನಲವತ್ತೈದು ವರ್ಷ ಆ ಹೇಂಟೆಯ ಸಂತಾನ ನಮ್ಮ ಹಿತ್ತಲು ಬಿಟ್ಟಿರಲಿಲ್ಲ. ನಾನು ಗಾಣದ ಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಕಾಯುತ್ತ ರಾತ್ರಿ ಕಳೆದವನು. ಬೆಳಿಗ್ಗೆ ಮನೆಗೆ ಬಂದರೆ ಮೊದಲು ಆ ಕೊರಳುಗಳನ್ನು ಎಣಿಸಿ, ಆಮೇಲೆ ಚಹಾ ಕುಡಿಯುತ್ತಿದ್ದೆ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಕೃಷ್ಣೆ ಊರೊಳಗೆ ಬಂದಳು. ನಾಗಪಂಚಮಿ ಆಗಿ ಎರಡು ದಿನವಾಗಿತ್ತು. ಹೊತ್ತು ಮುಳುಗುವುದರೊಳಗೆ ಮನೆ ಬಿಡಬೇಕೆಂದು ಡಂಗುರವಾಯಿತು. ಎರಡು ಆಡುಗಳನ್ನು ಮಗ ಶಾಕೀರ ತನ್ನ ಟಂಟಂ ರಿಕ್ಷಾದಲ್ಲಿ ಹೆಂಡತಿ ಮಕ್ಕಳೊಂದಿಗೆ ಮೊದಲೇ ಹಾರೂಗೇರಿಗೆ ಸಾಗಿಸಿದ್ದ. ಕೋಳಿಗಳು ನೀರಿನ ಸಪ್ಪಳಕ್ಕೆ ಹೆದರಿ ಬೇವಿನ ಮರದ ತುದಿಗೆ ಏರಿ ಕುಳಿತವು. ಕರೆದರೂ ಇಳಿಯಲಿಲ್ಲ, ಕಾಳು ಚೆಲ್ಲಿದರೂ ಇಳಿಯಲಿಲ್ಲ. ಅವುಗಳನ್ನು ನಾವು ಮತ್ತೆ ನೋಡಲಿಲ್ಲ.

ಕೈಗೆ ಸಿಕ್ಕಿದ್ದು ಒಂದೇ, ಒಳಗಿನ ಕೋಣೆಯಲ್ಲಿ ಕಾವಿಗೆ ಕುಳಿತ ಬೂದಿ ಹೇಂಟೆ. ಹದಿಮೂರು ತತ್ತಿ, ಹದಿನಾರನೆಯ ದಿನ. ಅದು ಮುದಿ ಹೇಂಟೆ. ಈ ಸಲದ ಕಾವು ಕೆಟ್ಟರೆ ಮತ್ತೆ ಕುಳಿತುಕೊಳ್ಳುವ ಭರವಸೆ ಇರಲಿಲ್ಲ. ಕೆಟ್ಟರೆ ಮೈಮುನಾ ತಂದ ತಳಿ ಅಲ್ಲಿಗೆ ಮುಗಿಯಿತು. ಬುಟ್ಟಿಯ ತಳಕ್ಕೆ ಹೊಟ್ಟು ಹಾಕಿ, ತತ್ತಿ ಇಟ್ಟು, ಮೇಲೆ ಹೇಂಟೆ ಕೂಡಿಸಿ, ಅದರ ಮೇಲೆ ಕೌದಿ ಮುಚ್ಚಿದೆವು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತೆ.

ನಮ್ಮನ್ನು ಇಳಿಸಿದ್ದು ಚಿಕ್ಕೋಡಿ ರಸ್ತೆಯ ಎತ್ತರದಲ್ಲಿದ್ದ ಒಂದು ಮಂಗಲ ಕಾರ್ಯಾಲಯದಲ್ಲಿ. ಜೈನರದು. ನೆರೆಗೆ ಮನೆ ಬಿಟ್ಟು ಬಂದ ಮಂದಿಗೆಂದು ಬಾಗಿಲು ತೆರೆದು, ತಮ್ಮ ಖರ್ಚಿನಲ್ಲೇ ಎರಡು ಹೊತ್ತು ಅನ್ನ ಸಾರು ಹಾಕುತ್ತಿದ್ದರು. ಗೇಟಿನ ಹತ್ತಿರ ಒಂದು ಬೋರ್ಡಿತ್ತು. ಮೂರನೆಯ ಇಯತ್ತೆ ಕಲಿತ ನಾನು ಅಕ್ಷರ ಕೂಡಿಸಿ ಓದಿದೆ: ಮಾಂಸ, ಮೊಟ್ಟೆ, ಮದ್ಯ ಒಳಗೆ ತರಕೂಡದು. ಓದಲು ಬಾರದವನ ಹಾಗೆ ಮುಂದೆ ನಡೆದೆ.

ಕಾರ್ಯಾಲಯದ ಮಾಲಕ ಬಾಬಾಸಾಹೇಬ ಒಬ್ಬೊಬ್ಬರ ಹೆಸರು ಬರೆದುಕೊಳ್ಳುತ್ತಿದ್ದ.

"ಬುಟ್ಟ್ಯಾಗ ಏನ್ ಐತ್ರಿ ಚಾಚಿ?" ಎಂದು ಮೈಮುನಾಳನ್ನು ಕೇಳಿದ.

"ಹಾಸಾಕ ಹೊದಿಯಾಕ ಅರಿವಿ ಐತ್ರಿ ಸಾವಕಾರ್ರ."

ನಾನು ಹೌದೆಂದು ತಲೆಯಾಡಿಸಿದೆ. ಕೌದಿಯ ಕೆಳಗೆ ಹೇಂಟೆ ಸಪ್ಪಳ ಮಾಡಲಿಲ್ಲ.

ಮಹಡಿಯ ಮೆಟ್ಟಿಲ ಕೆಳಗೆ, ಮದುವೆಯ ಕುರ್ಚಿ ಪೇರಿಸಿಟ್ಟ ಮೂಲೆಯಲ್ಲಿ ಬುಟ್ಟಿ ಇಟ್ಟು, ಮುಂದೆ ನಾವಿಬ್ಬರೂ ಹಾಸಿಕೊಂಡೆವು. ಕಾವಿನ ಹೇಂಟೆ ದಿನಕ್ಕೊಂದು ಸಲ ಏಳುತ್ತದೆ, ಒಂದಿಷ್ಟು ಕಾಳು ನೀರಿಗೆ, ಹೊರಕಡೆಗೆ. ಮಂದಿ ಏಳುವ ಮೊದಲೇ ಅದನ್ನು ಶಾಲಿನೊಳಗೆ ಇಟ್ಟುಕೊಂಡು ಹಿಂದಿನ ಕಾಂಪೌಂಡಿಗೆ ಒಯ್ದು, ತತ್ತಿ ಆರುವುದರೊಳಗೆ ತಂದು ಕೂಡಿಸುತ್ತಿದ್ದೆ. ಹೀಗೆ ಎರಡು ಬೆಳಗು ಆಯಿತು. ಮೂರನೆಯ ಬೆಳಗು, ಅಂದರೆ ಕಾವಿನ ಹತ್ತೊಂಬತ್ತನೆಯ ದಿನ, ಹಾಲಿನ ಕ್ಯಾನು ಹೊತ್ತು ಹಿಂದಿನಿಂದ ಬಂದ ಬಾಬಾಸಾಹೇಬ ನನ್ನನ್ನೂ ಹೇಂಟೆಯನ್ನೂ ಒಟ್ಟಿಗೇ ನೋಡಿದ.

"ಚಾಚಾ, ಇದು ಅರಿವಿಯೇನ್ರಿ?"

ನಾನು ಹೇಂಟೆಯನ್ನು ಶಾಲಿನೊಳಗೆ ಇಟ್ಟುಕೊಂಡು ಮೆಟ್ಟಿಲಿನ ಕಡೆ ನಡೆದೆ. ಅವನು ನನ್ನ ಹಿಂದೆಯೇ ಬಂದು ಬುಟ್ಟಿ ನೋಡಿದ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನೋಡ್ರಿ, ಚಾತುರ್ಮಾಸ ನಡದೈತಿ. ನಮ್ಮ ಮಂದಿ ಈ ನಾಕು ತಿಂಗಳು ಹೊತ್ತು ಮುಳಗಿದ ಮ್ಯಾಲ ನೀರು ಸೈತ ಕುಡಿಯಂಗಿಲ್ಲ. ಹೇಂಟಿ ಇರ್ಲಿ, ಅದು ಜೀವ. ತತ್ತಿ ಮಾತ್ರ ಒಳಗ ಬ್ಯಾಡ್ರಿ. ಗೇಟಿನ ಹೊರಗ ಇಡ್ರಿ."

"ಹೊರಗ ಮಳಿ ಐತಲ್ರಿ ಸಾವಕಾರ್ರ," ಎಂದಳು ಮೈಮುನಾ. "ಇನ್ನ ಎರಡ ದಿನ. ಬಾಳ ಅಂದ್ರ ಮೂರು."

"ನಾ ಏನ್ ಮಾಡ್ಲಿ? ನಮ್ಮವ್ವ ನೋಡಿದ್ಲಂದ್ರ ನನ್ನೂ ಗೇಟಿನ ಹೊರಗ ಹಾಕ್ತಾಳ."

ಅವನು ಹಾಗೆನ್ನುವಾಗಲೇ ಅವನ ತಾಯಿ ಮೆಟ್ಟಿಲಿನ ಹತ್ತಿರ ನಿಂತಿದ್ದರು. ಸುಂದರಾಕಾಕು. ಆಗಲೇ ಎಂಬತ್ತು ದಾಟಿದ್ದ ಮುದುಕಿ, ಬಿಳಿ ಸೀರೆ, ಕೈಯಲ್ಲಿ ಮೆತ್ತಗಿನ ಕಸಬರಿಗೆ. ಇರುವೆ ತುಳಿಯಬಾರದೆಂದು ಮೆಟ್ಟಿಲನ್ನು ತಾವೇ ಗುಡಿಸಿಕೊಂಡು ಇಳಿಯುತ್ತಿದ್ದರು. ಮಗನ ಮಾತು ಕೇಳಿ ಬುಟ್ಟಿಯ ಕಡೆ ನೋಡಿ, ಸೆರಗನ್ನು ಮೂಗಿಗೆ ಹಿಡಿದರು.

ಜಗಳವಾಡುವುದು ನನಗೆ ಬರುವುದಿಲ್ಲ. ನನಗೆ ಬರುವುದು ಕೋಳಿಯ ಕೆಲಸ ಒಂದೇ. ಮೈಮುನಾಳಿಗೆ ಸ್ನಾನದ ಒಲೆಯಿಂದ ಉಗುರುಬೆಚ್ಚಗಿನ ನೀರು ತರಲು ಹೇಳಿದೆ. ನಮ್ಮದೇ ಅಲ್ಯೂಮಿನಿಯಂ ಬೋಗುಣಿಯಲ್ಲಿ ನೀರು ಹಾಕಿ, ಹೇಂಟೆಯ ಹೊಟ್ಟೆಯ ಕೆಳಗಿಂದ ಒಂದು ತತ್ತಿ ತೆಗೆದು ಮೆಲ್ಲಗೆ ಬಿಟ್ಟೆ. ಕಾವು ಮುಗಿಯಲು ಬಂದ ತತ್ತಿಯಲ್ಲಿ ಮರಿ ಬದುಕಿದೆಯೋ ಇಲ್ಲವೋ ಎಂದು ನಮ್ಮ ಕಡೆ ನೋಡುವುದು ಹೀಗೆ.

"ಕಾಕೂ, ಒಂದೀಟು ನೋಡ್ರಿ," ಎಂದೆ.

ತತ್ತಿ ತೇಲಿತು. ನೀರು ನಿಂತಿತು. ತತ್ತಿಯೂ ನಿಂತಿತು. ಬಾಬಾಸಾಹೇಬ ಗಡಿಯಾರ ನೋಡಿಕೊಂಡ. ನಾನು ಮುಟ್ಟಲಿಲ್ಲ. ಬೆಲ್ಲದ ಪಾಕದ ಮುಂದೆ ನಿಂತ ಹಾಗೆ ನಿಂತೆ. ಆಮೇಲೆ ತತ್ತಿ ತಾನಾಗಿ ಒಂದು ಸಲ ಅಲುಗಿತು. ಸುತ್ತ ಒಂದು ಸಣ್ಣ ಅಲೆ ಎದ್ದು ಬೋಗುಣಿಯ ಅಂಚಿಗೆ ಬಡಿಯಿತು. ಮತ್ತೆ ಅಲುಗಿತು.

ಸುಂದರಾಕಾಕು ಸೆರಗು ಬಿಟ್ಟು ಬಾಗಿದರು. "ಯಾರು ಅಳ್ಳಾಡ್ಸಿದ್ರು?"

"ಒಳಗಿಂದು ಅಳ್ಳಾಡಾಕತ್ತೈತ್ರಿ."

ನಾನು ತತ್ತಿ ಒರೆಸಿ ಹೇಂಟೆಯ ಕೆಳಗೆ ಇಟ್ಟೆ. ಕಾಕು ಮಗನ ಕಡೆ ತಿರುಗಿದರು.

"ತಿನ್ನು ತತ್ತಿ ಒಳಗ ತರಬಾರ್ದು ಅಂತ ಬೋರ್ಡ ಬರದೈತಿ. ಇದು ತಿನ್ನೂದೇನು? ಇದನ್ನ ಮಳ್ಯಾಗ ಇಟ್ರ ಹದಿಮೂರು ಜೀವ ಹೋಗತಾವ. ಅದರ ಪಾಪ ಹೊರಗ ಇಡು ಅಂದವಗೋ, ಇಟ್ಟವಗೋ?"

"ಅವ್ವಾ, ಮಂದಿ ಏನಂದಾರು?"

"ಮಂದಿಗೆ ನಾ ಹೇಳತೇನಿ. ನೀ ಹಾಲು ಇಳಸು ಹೋಗು."

ಆಮೇಲೆ ನನ್ನ ಕಡೆ ತಿರುಗಿದರು. "ಮಲಂಗಸಾಬ, ನನ್ನದೊಂದು ಮಾತೈತಿ. ಇಲ್ಲಿ ಹುಟ್ಟಿದ್ದಕ್ಕ ಚೂರಿ ತಾಗಬಾರ್ದು. ನಿಮ್ಮ ಕೈಲೂ ಅಲ್ಲ, ನೀವು ಮಾರಿದವ್ರ ಕೈಲೂ ಅಲ್ಲ."

ಮೈಮುನಾ ನನ್ನ ಅಂಗಿ ಜಗ್ಗಿ ಕಿವಿಯಲ್ಲಿ ಅಂದಳು: "ಹೂಂ ಅನಬ್ಯಾಡ್ರಿ. ಹದಿಮೂರು ಕೋಳಿ ಸಾಯೂತನಕ ಕುಂಡ್ರಿಸಿ ತಿನಿಸಾಕ ನಾವೇನ್ ದೇಸಾಯರೇನು?"

ಅವಳು ಹೇಳಿದ್ದು ಖರೆ. ಹೆಣ್ಣಾದರೆ ತತ್ತಿ ಇಡುತ್ತವೆ. ಹುಂಜಗಳನ್ನು ಮಾರಿಯೇ ನಾವು ಹಬ್ಬ ಮಾಡುತ್ತಿದ್ದುದು.

"ಇವುಗಳ ಮರಿ ಆದ್ರ, ಅವಕ್ಕೂ ಇದ ಮಾತೇನ್ರಿ ಕಾಕೂ?" ಎಂದೆ.

"ಅವು ನಿಮ್ಮ ಧರ್ಮಕ್ಕ ಬಿಟ್ಟದ್ದು. ನಾ ಕಂಡ ಜೀವದ್ದಷ್ಟ ನಾ ಕೇಳಾಕತ್ತೇನಿ."

"ಗೇಟಿನ್ಯಾಗ ನಾವು ಸುಳ್ಳ ಹೇಳೇವ್ರಿ," ಎಂದೆ. "ಈ ಮಾತು ಸುಳ್ಳ ಆಗೂದಿಲ್ಲ."

ಇಪ್ಪತ್ತೊಂದನೆಯ ದಿನ ಬಕ್ರೀದ್ ಬಂತು. ಮಹಡಿಯ ಮೇಲೆ ಚಾಪೆ ಹಾಸಿ ನಮಾಜು ಮಾಡಿ ಇಳಿದು ಬಂದರೆ, ಮೆಟ್ಟಿಲ ಕೆಳಗೆ ಮಂದಿಯೋ ಮಂದಿ. ಒಡೆದ ಸಿಪ್ಪೆಗಳ ನಡುವೆ ಒದ್ದೆ ಮರಿಗಳು. ಸಂಜೆಯ ಹೊತ್ತಿಗೆ ಹನ್ನೊಂದು. ಎರಡು ತತ್ತಿ ಮಾತ್ರ ಗೊಡ್ಡು. ಸುಂದರಾಕಾಕು ಕುರ್ಚಿ ಹಾಕಿಸಿಕೊಂಡು ಕುಳಿತು ನೋಡಿದರು. ತಮ್ಮ ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಹನ್ನೊಂದು ಚೂರು ಮಾಡಿ ಮೈಮುನಾಳ ಕೈಗೆ ಕೊಟ್ಟರು. "ಕಾಲು ಬಲತ ಮ್ಯಾಲ ಕಟ್ರಿ. ಯಾವು ನಮ್ಮವು ಅಂತ ಗೊತ್ತಿರ್ಲಿ."

ಊರಿಗೆ ಮರಳಿದೆವು. ಗೋಡೆಗೆ ಎದೆಮಟ್ಟದ ಕೆಸರಿನ ಗೆರೆ, ಬೇವಿನ ಮರ ಖಾಲಿ. ಮರಿಗಳು ಬೆಳೆದವು. ಆರು ಹೇಂಟೆ, ಐದು ಹುಂಜ, ಹನ್ನೊಂದಕ್ಕೂ ತಾಮ್ರದ ಕೊರಳು, ಹನ್ನೊಂದಕ್ಕೂ ಕಾಲಲ್ಲಿ ಕೆಂಪು ಚೂರು. ಹದ್ದು ಒಂದನ್ನು ಒಯ್ದಿತು, ಮುಂಗುಸಿ ಎರಡನ್ನು. ರೋಗಕ್ಕೆ ಒಂದಷ್ಟು ಹೋದವು. ಅವುಗಳ ಮರಿಗಳನ್ನು ಮಾರಿದೆವು, ಉಂಡೆವು. ಚೂರು ಕಟ್ಟಿದವುಗಳನ್ನು ಮುಟ್ಟಲಿಲ್ಲ.

ಮೂರನೆಯ ವರ್ಷ ಮೊಮ್ಮಗಳು ಮೆಹೆಕಳನ್ನು ನೋಡಲು ನಿಪ್ಪಾಣಿಯಿಂದ ಬೀಗರು ಬರುವವರಿದ್ದರು. ಆ ವಾರದ ಸಂತೆಯಲ್ಲಿ ಜವಾರಿ ಕೋಳಿ ಸಿಗಲಿಲ್ಲ. ನಮ್ಮ ಹಿತ್ತಲಿನ ಎಳೆಯವು ಇನ್ನೂ ಅಂಗೈಯಷ್ಟಿದ್ದವು. ಶಾಕೀರ ನನ್ನ ಹತ್ತಿರ ಬಂದು ಕುಳಿತ.

"ಅಬ್ಬಾ, ಅವರು ಜವಾರಿ ಸಾರು ಉಣ್ಣೂ ಮಂದಿ. ಹಿತ್ಲಾಗ ಮೂರು ಹುಂಜ ಅದಾವ."

"ಅವಕ್ಕ ಅರಿವಿ ಕಟ್ಟೈತಿ."

"ಬಿಚ್ಚಿದ್ರ ಆತು. ಕಾಕು ಇಲ್ಲಿ ಬಂದು ಎಣಸ್ತಾರೇನು?"

ಒಲೆಯ ಮುಂದಿದ್ದ ಮೈಮುನಾ ತಿರುಗಿಯೂ ನೋಡದೆ ಅಂದಳು: "ಎಣಸಾಕ ಬರೂದಿಲ್ಲ ಅಂತನ ಬಿಚ್ಚೂದಿಲ್ಲ."

ಅಂದು ನನ್ನ ಅಂಗಿ ಜಗ್ಗಿದವಳು ಇವಳೇ. ನಾನು ನೆನಪು ಮಾಡಿಕೊಡಲಿಲ್ಲ.

ಶಾಕೀರ ಅಂಗಡಿಯಿಂದ ಬ್ರಾಯ್ಲರ್ ತಂದ. ಬೀಗರು ಊಟಕ್ಕೆ ಕುಳಿತರು. ಹೊರಗೆ ಮೂರೂ ಹುಂಜಗಳು ಅವತ್ತೇ ಸರತಿಯ ಮೇಲೆ ಕೂಗಬೇಕೇ. ಹುಡುಗನ ಅಜ್ಜ, ತಂಬಾಕಿನ ವಖಾರಿಯಲ್ಲಿ ಹಮಾಲಿ ಮಾಡಿ ಮುದುಕರಾದವರು, ತುಂಡು ಎತ್ತಿ ನೋಡಿ ಕೆಳಗಿಟ್ಟರು.

"ಬೀಗರ, ಹಿತ್ಲಾಗ ಕೂಗಾವ ಬ್ಯಾರೆ, ತಾಟಿನ್ಯಾಗ ಬಿದ್ದಾವ ಬ್ಯಾರೆ. ಗಟ್ಟಿವು ನಿಮಗ, ಮೆತ್ತಗಿನವು ನಮಗೇನು?"

ಶಾಕೀರನ ಮುಖ ಸಣ್ಣದಾಯಿತು. ನಾನು ಎದ್ದು ಹೋಗಿ ಒಂದು ಹುಂಜ ಹಿಡಿದು ತಂದು, ಅದರ ಕಾಲು ತೋರಿಸಿ, ನೆರೆಯಿಂದ ಹಿಡಿದು ಎಲ್ಲ ಹೇಳಿದೆ. ನಾನು ಅಷ್ಟು ಮಾತಾಡಿದ್ದನ್ನು ಮನೆಯವರೂ ಮೊದಲು ಕೇಳಿರಲಿಲ್ಲ. ಅಜ್ಜ ಉಣ್ಣುವ ಕೈ ಹಾಗೇ ಇಟ್ಟುಕೊಂಡು ಕೇಳಿದರು. ಎಡಗೈಯಿಂದ ಆ ಚೂರನ್ನು ಮುಟ್ಟಿ ನೋಡಿದರು.

"ನಮ್ಮನ್ಯಾಗ ಒಂದು ಹೇಂಟಿ ಕಾವಿಗೆ ಬಂದೈತಿ," ಎಂದರು. "ಇದರ ತಳಿದು ಹದಿಮೂರು ತತ್ತಿ ಕಟ್ಟಿ ಕೊಡ್ರಿ. ಸೊಸಿಗಿಂತ ಮೊದಲ ಅವು ನಮ್ಮನಿಗೆ ಬರ್ಲಿ." ಆಮೇಲೆ ಬ್ರಾಯ್ಲರನ್ನೇ ಎರಡು ಸಲ ಹಾಕಿಸಿಕೊಂಡು ಉಂಡರು.

ಹೊಟ್ಟಿನ ಡಬ್ಬಿಯಲ್ಲಿ ತತ್ತಿ ಇಟ್ಟು ಕಳಿಸಿದೆವು. ಈಗ ನಿಪ್ಪಾಣಿಯ ಒಂದು ಓಣಿಯಲ್ಲೂ ತಾಮ್ರದ ಕೊರಳು ಓಡಾಡುತ್ತವೆ. ಮೆಹೆಕ ಫೋನು ಮಾಡಿದಾಗ ತನ್ನ ಮಗನ ಸುದ್ದಿ ಹೇಳುವ ಮೊದಲು ಅವುಗಳ ಸುದ್ದಿ ಹೇಳುತ್ತಾಳೆ. ಹೇಳುತ್ತಾಳೆಂದು ಗೊತ್ತಿದ್ದರೂ ನಾನು ಕೇಳುತ್ತೇನೆ.

ಈ ಮಳೆಗಾಲದಲ್ಲಿ ಒಂದು ದಿನ ನಮ್ಮ ಬಾಗಿಲಿಗೆ ಬಾಬಾಸಾಹೇಬನ ಗಾಡಿ ಬಂತು. ಅವನಿಗೂ ತಲೆ ಬೆಳ್ಳಗಾಗಿದೆ. ಸುಂದರಾಕಾಕು ಹಾಸಿಗೆ ಹಿಡಿದಿದ್ದಾರಂತೆ. ಮನೆಯವರ ಹೆಸರೇ ಒಮ್ಮೊಮ್ಮೆ ಮರೆಯುತ್ತಾರಂತೆ.

"ಮರಿ ಅದಾವೇನು ನೋಡ್ಕೊಂಡು ಬಾ ಅಂತ ಮೂರು ದಿನ ಆತು ಗಂಟ ಬಿದ್ದಾಳ್ರಿ ಚಾಚಾ. ಹಳೇದು ಹರದಿರಬೇಕು ಅಂತ ಇದನ್ನ ಕೊಟ್ಟಾಳ." ಕಿಸೆಯಿಂದ ಹೊಸದೊಂದು ಅಂಚಿನ ಚೂರು ತೆಗೆದ. ಈ ಸಲ ಹಸಿರು.

ಹಳೆಯದು ನಿಜವಾಗಿಯೂ ನೂಲಿನಷ್ಟೇ ಉಳಿದಿತ್ತು. ಹುಂಜ ಹಿಡಿದು ತಂದೆ. ಈ ವಯಸ್ಸಿನಲ್ಲಿ ನನಗೆ ಒಬ್ಬನೇ ಹಿಡಿದು ಕಟ್ಟಲಾಗುವುದಿಲ್ಲ.

"ಸಾವಕಾರ್ರ, ಒಂದೀಟು ಹಿಡೀರಿ."

ಅವನು ಅತ್ತಿತ್ತ ನೋಡಿದ. "ಕಚ್ಚತೈತೇನ್ರಿ?"

"ಹಲ್ಲ ಇಲ್ರಿ, ನನ್ನಂಗ."

ಮೈಮುನಾ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಾಬಾಸಾಹೇಬ ಬಿಳಿ ಅಂಗಿಯ ಎದೆಗೆ ಹುಂಜವನ್ನು ಅವುಚಿ ಹಿಡಿದ. ನಾನು ಗಂಟು ಹಾಕಿದೆ. ಹುಂಜ ಕುರುಡುಗಣ್ಣನ್ನು ಅವನ ಕಡೆ ಮಾಡಿ ಸುಮ್ಮನೆ ಕುಳಿತಿತ್ತು. ಅವನು ಫೋನಿನಲ್ಲಿ ಫೋಟೋ ತೆಗೆದುಕೊಂಡ. ಗಾಡಿ ಹತ್ತುವಾಗ ನಿಂತ.

"ಎಷ್ಟು ಉಳದಾವ ಅಂತ ಅವ್ವ ಕೇಳಿದ್ರ ಏನ್ ಹೇಳ್ಲಿ?"

"ಒಂದು ಉಳದೈತಿ ಅನ್ರಿ," ಎಂದೆ. "ಹತ್ತು ತಮ್ಮಷ್ಟಕ್ಕ ತಾವ ಹ್ವಾದುವು ಅನ್ರಿ. ಚೂರಿ ಒಂದಕ್ಕೂ ತಾಗಿಲ್ಲ ಅನ್ರಿ."

ಅವನು ತಲೆಯಾಡಿಸಿ ಹೋದ. ಹುಂಜ ಅಂಗಳದಲ್ಲಿ ನಿಂತು ಮೈ ಕೊಡವಿತು, ಹಸಿರು ಚೂರನ್ನು ಎರಡು ಸಲ ಕುಕ್ಕಿ ನೋಡಿತು, ಆಮೇಲೆ ಮುಳ್ಳುಗಳನ್ನು ತಾಗಿಸಿಕೊಳ್ಳುತ್ತ ಹೇಂಟೆಗಳಿದ್ದ ಕಡೆ ನಡೆಯಿತು.