ಯಾರ್ದೂ ಅಲ್ಲದ ಬೇಲು

ಕಲೆಯಂತೆ ಕಲೆ! ಗೋಣಿತಾಟಿನೊಳಗೆ ಮೈ ಹೊಲಿಸ್ಕೊಂಡು, ತಲೆ ಒಂದನ್ನ ಆಚೆ ಬುಟ್ಕೊಂಡು, ಹರಾಜುಕಟ್ಟೇಲಿ ಹೊಗೆಸೊಪ್ಪಿನ ಬೇಲುಗಳ, ಅಂದ್ರೆ ಹೊಲಿದ ಮೂಟೆಗಳ, ಸಾಲಲ್ಲಿ ಮಲಗೋದು ಯಾವ ಸೀಮೆ ಕಲೆ ಕಣ್ರಪ್ಪಾ? ಮಲಗಿದ್ದೋನು ನಮ್ಮಕ್ಕ ಸಿದ್ದಲಿಂಗಮ್ಮನ ಮಗ ಮಹೇಂದ್ರ. ಬೈಯಾಕೆ ಬಾಯಿ ಬತ್ತದೆ, ಕರುಳು ಕೇಳಾಕಿಲ್ಲ.

ಚಿತ್ರ ಬರೆಯೋದು ಕಲೀತೀನಿ ಅಂತ ಮೈಸೂರಿಗೆ ಹೋದೋನು, ಚಿತ್ರ ಬುಟ್ಟು ಮೈಯಲ್ಲೇ ಕಲೆ ಮಾಡ್ತೀನಿ ಅಂದ. ಬರೀ ಚಡ್ಡೀಲಿ, ಮೈಗೆಲ್ಲಾ ಬೂದಿ ಬಳ್ಕೊಂಡು ರಸ್ತೆ ಮಧ್ಯೆ ನಿಂತಿದ್ದು ಪೇಪರಲ್ಲಿ ಬಂತು. ಬೆಟ್ಟದಪುರದ ಕಟಿಂಗ್ ಶಾಪಲ್ಲಿ ಆ ಪೇಪರ್ ಕೈಯಿಂದ ಕೈಗೆ ಓಡಾಡ್ತು. ಅವನಪ್ಪ, ನಮ್ಮ ಭಾವ ಮಂಟಯ್ಯ, ಅರ್ಧ ಗಡ್ಡ ಹೆರೆಸ್ಕೊಂಡೇ ಎದ್ದು ಬಂದ. ಅವತ್ತಿಂದ ಮಗನ ಹೆಸರನ್ನ ಮನೇಲಿ ಯಾರೂ ಎತ್ತೋಹಂಗಿರಲಿಲ್ಲ.

ಹರಾಜಲ್ಲಿ ಯಾವ ಸಿಗರೇಟ್ ಕಂಪ್ನಿಯೋನೂ ರೇಟು ಕೂಗದ ಬೇಲಿಗೆ 'ನೋ ಬಿಡ್' ಅಂತ ಚೀಟಿ ಬೀಳ್ತದೆ. ಆಗ ಸೊಪ್ಪು ಬೆಳೆದೋನು 'ನಮ್ದು' ಅಂತ ಮುಂದೆ ಬಂದು ಮನೆಗೆ ವಾಪಸ್ ತಗೊಂಡೋಗ್ಬೇಕು. ಹುಡುಗನ ತಲೆ ಓಡಿದ್ದು ಅಲ್ಲೇ.

"ಮಾವ, ನನ್ನ ಯಾರೂ ಕೂಗಾಕಿಲ್ಲ. ಆಗ ಅಪ್ಪ 'ನಮ್ದು' ಅನ್ಬೇಕು. ನಮ್ದು ಅಂದ್ರೆ ಅಂಗೇ ಮನೆಗೆ ಬತ್ತೀನಿ," ಅಂತ ಹರಾಜಿಗೆ ಮುಂಚೆ ಮಲಗಿದ್ದಲ್ಲಿಂದ್ಲೇ ಅಂದ. ಹರಾಜು ಶುರುವಾದ್ಮೇಲೆ ಅಪ್ಪ ಅಂಗನ್ನೋಗಂಟ ತುಟಿ ಪಿಟಕ್ ಅನ್ನಲ್ಲ ಅಂತ ಗೆಳೆಯರಿಗೆ ಮಾತು ಕೊಟ್ಟಿದ್ನಂತೆ.

"ಅಯ್ಯೋ ಪೆದ್ದೇ, ನೆಟ್ಟಗೆ ಮನೆಗೆ ಬಂದು ಕಾಲಿಗೆ ಬೀಳ್ಬಾರ್ದೇನ್ಲಾ?"

"ಅದನ್ನ ಎಲ್ರೂ ಮಾಡ್ತಾರೆ ಮಾವ."

ಕಪಾಳಕ್ಕೆ ಬಾರಿಸೋ ಅಷ್ಟು ಸಿಟ್ಟು ಬಂತು ನನಗೆ.

ಜೊತೇಲಿ ಮೈಸೂರಿನ ಗೆಳೆಯರ ದಂಡು. ಒಂದೇ ರೂಮು, ಒಂದೇ ಸಾರಿನ ಪಾತ್ರೆ, ಜ್ವರ ಬಂದ್ರೆ ಒಬ್ಬರಿಗೊಬ್ಬರು ಗಂಜಿ ಕುಡಿಸೋರು. ಮನೆ ಬಾಗಿಲು ಮುಚ್ಚಿದ ಮೇಲೆ ಮಹೇಂದ್ರಂಗೆ ಅವ್ರೇ ಮನೆಯೋರು. ವೀಡಿಯೋ ಕ್ಯಾಮರಾ ಹಿಡಿದಿದ್ದೋಳು ಶಾಂತಲಾ ಅನ್ನೋ ಹುಡುಗಿ. ಶೂಟಿಂಗ್ ಅಂದಿದ್ಕೆ ಹರಾಜಿನ ಆಫೀಸರೂ ಹಲ್ಲು ಕಿರಿದು ಒಪ್ಪಿದ್ದ.

ಹರಾಜು ಶುರುವಾಯ್ತು. ಕಂಪ್ನಿಯೋರು ಸಾಲಲ್ಲಿ ನಡ್ಕೊಂಡು ಬಂದ್ರು. ಒಬ್ಬ ಬಗ್ಗಿ, ಹುಡುಗನ ಕೂದ್ಲು ಹಿಡಿದೆಳೆದು ಮೂಸಿ, "ಹಸಿ ಮಾಲು," ಅಂದ. ಇನ್ನೊಬ್ಬ ಕಣ್ಣಲ್ಲಿ ನೀರು ಬರೋಹಂಗೆ ಕಿವಿ ಹಿಂಡ್ದ. ನಮ್ಮ ರೈತ ಜನ ಇದ್ದಾರಲ್ಲ, ಅವ್ರು ಕಂಪ್ನಿಯೋರನ್ನ ಮೀರಿಸಿದ್ರು. "ತಿಪ್ಪೆಗೆ ಎಸೀರ್ಲಾ!" ಅಂತ ಕೂಗಾಡಿದ್ರು. ಒಬ್ಬ ಅವನ ಬಾಯಿಗೆ ಹೊಗೆಸೊಪ್ಪಿನ ಪುಡಿ ತುರುಕ್ದ. ಹುಡುಗ ಕೆಮ್ಮಿ ಕೆಮ್ಮಿ ಕೆಂಪಗಾದ, ಒಂದು ಮಾತೂ ಆಡ್ಲಿಲ್ಲ. ಶಾಂತಲಾ ಕ್ಯಾಮರಾನ ಇನ್ನೂ ಹತ್ರ ತಂದ್ಲು.

ಚೀಟಿ ಬಿತ್ತು. ಗುಮಾಸ್ತ ನಗ್ತಾ ಕೂಗ್ದ: "ನೋ ಬಿಡ್! ಯಾರ್ದಪ್ಪಾ ಈ ಬೇಲು?"

ಭಾವ ಪಕ್ಕದ ಸಾಲಲ್ಲಿ ತನ್ನ ಬೇಲುಗಳ ಹತ್ರ ನಿಂತಿದ್ದ. ಅಲ್ಲಿದ್ದ ಜನವೆಲ್ಲ ತಿರುಗಿ ಅವನನ್ನೇ ನೋಡ್ತು. ನಾನು ತೋಳು ಹಿಡ್ಕೊಂಡು, "ಭಾವ, ನಮ್ದು ಅಂದ್ಬುಡಿ, ನಿಮ್ಮ ದಮ್ಮಯ್ಯ," ಅಂದೆ. ತೋಳು ಕೊಡವಿದ.

"ನಮ್ದಲ್ಲ," ಅಂದ.

"ಅಪ್ಪಾ!" ಮಹೇಂದ್ರ ಕಿರುಚ್ಬುಟ್ಟ. ಗೋಣಿತಾಟೊಳಗೆ ಕೈಕಾಲು ಬಡ್ಕೊಂಡ. "ಅಪ್ಪಾ, ನಾನು ಕಣಪ್ಪಾ!"

"ಛೆ!" ಅಂದ್ಲು ಶಾಂತಲಾ. "ಮಾತಾಡ್ಬಿಟ್ಯಲ್ಲೋ! ಎಲ್ಲಾ ಹಾಳಾಯ್ತು."

ಗೆಳೆಯರು ತಲೆ ತಲೆ ಚಚ್ಕೊಂಡ್ರು. ಒಬ್ಬನಾದ್ರೂ ಹೋಗಿ ಹೊಲಿಗೆ ಬಿಚ್ಚಲಿಲ್ಲ. ನಾನೇ ಬಗ್ಗಿದೆ. ಇಬ್ಬರು ನನ್ನ ರಟ್ಟೆ ಹಿಡ್ಕೊಂಡು, "ಅಂಕಲ್, ಮುಟ್ಬೇಡಿ, ಇನ್ನೊಂದ್ಸಲ ವೀಡಿಯೋ ತೆಗೀಬೇಕು," ಅಂದ್ರು. ಗಂಜಿ ಕುಡಿಸಿದೋರು ಇವ್ರೇನಾ ಅನ್ನಿಸ್ತು.

ಶಾಂತಲಾ ಭಾವನ ಹತ್ರ ಓಡಿದ್ಲು. "ಸರ್, ಪ್ಲೀಸ್, ಈಗ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಹೇಳಿ. ಸಾಕು."

ಈಗಲಾದ್ರೂ ಕರಗ್ತಾನೆ ಅಂದ್ಕೊಂಡೆ. ಭಾವ ಟವಲ್ಲಲ್ಲಿ ಮೊಕ ಒರೆಸ್ಕೊಂಡ. "ಎಲ್ಲಿ ನಿಂತ್ಕೋಬೇಕವ್ವಾ?" ಅಂತ ಕೇಳ್ದ.

ಅವಳು ತೋರಿಸಿದ ಜಾಗದಲ್ಲಿ, ಮಗನ ತಲೆ ಹತ್ರ ನಿಂತ. ಗುಮಾಸ್ತ ಮತ್ತೆ ಕೂಗ್ದ. ಭಾವ ಮಗನ ಕಣ್ಣನ್ನೇ ನೋಡ್ತಾ, ಎಲ್ಲರಿಗೂ ಕೇಳೋಹಂಗೆ, "ನಮ್ದಲ್ಲ," ಅಂದ.

ಈ ಸಲ ಮಹೇಂದ್ರ ಬಾಯಿ ಬಿಡ್ಲಿಲ್ಲ.

"ಸೂಪರ್!" ಅಂದ್ಲು ಶಾಂತಲಾ.